ಎಡಗಡೆ ನಿಲ್ಲುವವಳು

ಉಜ್ಬೇಕಿಸ್ತಾನದ ಅಂದಿಜಾನಿನ ಹಳೇ ಹತ್ತಿಗಿರಣಿಯ ಹಿಂದಿನ ಓಣಿಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಕ್ಕಪಕ್ಕದ ಮನೆಗಳ ತಂದೂರಿನಿಂದ ಹತ್ತಿಕಡ್ಡಿಯ ಹೊಗೆ ಏಳುತ್ತಿದೆ. ದ್ರಾಕ್ಷಿ ಚಪ್ಪರದ ಕೆಳಗಿನ ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸಿ ಆಗಿದೆ. ಅದರ ಮೇಲೆ ಈ ಗೋಡೆಯಿಂದ ಆ ಬಾಗಿಲವರೆಗೆ ಒಂದು ದಪ್ಪ ಹಗ್ಗ ನೆಲಕ್ಕಂಟಿಕೊಂಡು ಮಲಗಿದೆ. ಹಗ್ಗದ ಈ ತುದಿಯಲ್ಲಿ ನಿಂತವರು ಸೋಬಿತ್. ಆರಡಿ ಆಳು, ತಲೆ ನರೆಯುವವರೆಗೂ ಊರಿಂದೂರಿಗೆ ಬಸ್ಸು ಓಡಿಸಿದವರು. ಕಳೆದ ಚಳಿಗಾಲದಲ್ಲಿ ಲಕ್ವ ಹೊಡೆಯಿತು. ಈಗ ಈ ಹಗ್ಗದ ಮೇಲೆ ನಡೆದು ಆ ಬಾಗಿಲು ಮುಟ್ಟುವುದೇ ಅವರ ಪಾಲಿಗೆ ದೂರದ ಪ್ರಯಾಣ.

ಅವರ ಎಡಗಡೆ, ಒಂದು ಮಾರು ದೂರದಲ್ಲಿ ಬಹ್ರಿನಿಸಾ ನಿಂತಿದ್ದಾರೆ. ಗಿಡ್ಡನೆಯ ಹೆಂಗಸು, ಬಿಳಿಯ ತಲೆವಸ್ತ್ರ, ಕಿವಿಯ ಹಿಂದೆ ಕಾಮಕಸ್ತೂರಿಯ ಒಂದು ಕುಡಿ. ಓಣಿಯವರೆಲ್ಲ ಅವರನ್ನು ‘ಬಹ್ರಿ ಓಪಾ’ ಎನ್ನುತ್ತಾರೆ. ಬಹ್ರಿ ಅಕ್ಕ ಎಂದು; ಗಂಡಸರಿಗಾದರೆ ‘ಅಕಾ’, ಅಣ್ಣ. ಸೋಬಿತ್ ಕತ್ತು ಬಗ್ಗಿಸಿ ತಮ್ಮ ಪಾದಗಳನ್ನೇ ನೋಡುತ್ತ ಬಲಗಾಲು ಎತ್ತಿಡುತ್ತಾರೆ. ಆಮೇಲೆ ಎಡಗಾಲನ್ನು ಎತ್ತಬೇಕೆಂದು ನೆನಪು ಮಾಡಿಕೊಂಡು ಎತ್ತುತ್ತಾರೆ.

“ಕಾಲು ನೋಡಬೇಡಿ ಸೋಬಿತ್ ಅಕಾ. ನೋಡ್ತಾ ಇದ್ರೆ ಕಾಲು ನಾಚ್ಕೊಳ್ತದೆ. ಬಾಗಿಲು ನೋಡಿ.”

“ನೋಡದೇ ಹೋದ್ರೆ ಎತ್ತಲೋ ಹೋಗ್ತದಲ್ಲ. ನನ್ನ ಮಾತು ಕೇಳಲ್ಲ ಅದು.”

ತಂದೂರಿನ ಹತ್ತಿರ ಕೂತ ಅವರ ಹೆಂಡತಿ ರಿಸೋಲತ್, “ಅದೊಂದೇ ಅಲ್ಲ ಬಿಡಿ, ಇವರ ಮಾತು ಮನೇಲಿ ಯಾರೂ ಕೇಳಲ್ಲ” ಎನ್ನುತ್ತಾರೆ. ಸೋಬಿತ್‌ಗೆ ನಗು ಬರುತ್ತದೆ. ನಗುವಾಗ ಕತ್ತು ಮೇಲಾಗುತ್ತದೆ, ನೋಟ ಬಾಗಿಲಿಗೆ ಹೋಗುತ್ತದೆ. ಅದೇ ಗಳಿಗೆಯಲ್ಲಿ ಕಾಲುಗಳು ಯಾರನ್ನೂ ಕೇಳದೆ ಎರಡು ಮೂರು ಹೆಜ್ಜೆ ಸಲೀಸಾಗಿ ಹಾಕಿಬಿಡುತ್ತವೆ.

ಆದರೆ ಹಗ್ಗದ ಎಡಕ್ಕೆ ಒಂದು ಬಕೆಟ್ ಇದೆ, ತುಂಬ ನೀರಿದೆ. ಬಹ್ರಿನಿಸಾ ಅದನ್ನು ನೋಡುತ್ತಿದ್ದಾರೆ, ರಿಸೋಲತ್ ನೋಡುತ್ತಿದ್ದಾರೆ. ಸೋಬಿತ್‌ಗೆ ಮಾತ್ರ ಅದು ಕಾಣುತ್ತಿಲ್ಲ. ರಿಸೋಲತ್ ಬಾಯಿ ತೆರೆಯಲು ಹೋದಾಗ ಬಹ್ರಿನಿಸಾ ತುಟಿಯ ಮೇಲೆ ಬೆರಳಿಡುತ್ತಾರೆ. ಬಕೆಟ್ ಉರುಳುತ್ತದೆ. ಸೋಬಿತ್ ಒದ್ದೆ ಕಾಲಿನಲ್ಲಿ ನಿಂತು, ಬಹಳ ತಡವಾಗಿ ತಲೆಯನ್ನು ಎಡಕ್ಕೆ ತಿರುಗಿಸುತ್ತಾರೆ.

“ಎಡಗಡೆನೇ ನಿಂತಿದ್ದೀರಿ. ಒಂದು ಮಾತು ಹೇಳಬಾರದಿತ್ತಾ ಓಪಾ?”

“ಹೇಳಲ್ಲ” ಎನ್ನುತ್ತಾರೆ ಬಹ್ರಿನಿಸಾ. ಬಕೆಟ್ಟನ್ನು ಮತ್ತೆ ತುಂಬಿಸಿ ತಂದು ಬೇರೆ ಕಡೆ ಇಡುತ್ತಾರೆ. ಅದೂ ಎಡಕ್ಕೇ.

ಈ ‘ಹೇಳಲ್ಲ’ ಎಂಬ ಮಾತನ್ನು ಕಲಿಯಲು ಬಹ್ರಿನಿಸಾ ಕೊಟ್ಟ ಬೆಲೆ ಏನೆಂಬುದು ಓಣಿಯಲ್ಲಿ ಎಲ್ಲರಿಗೂ ಗೊತ್ತು. ಅವರ ಮುಂದೆ ಯಾರೂ ಅದನ್ನು ಎತ್ತುವುದಿಲ್ಲ.

ಬಹ್ರಿನಿಸಾ ನರ್ಸ್ ಅಲ್ಲ, ಯಾವ ಆಸ್ಪತ್ರೆಯ ನೌಕರಿಯಲ್ಲೂ ಇಲ್ಲ. ಮನೆಯ ಮುಂದೆ ಬೋರ್ಡಿಲ್ಲ. ಹದಿನೆಂಟನೇ ವಯಸ್ಸಿಗೆ ಹಗ್ಗದ ಮೇಲೆ ನಡೆಯುವವರ ಮನೆಗೆ ಸೊಸೆಯಾಗಿ ಬಂದರು. ಗಂಡ ಮಹಕಮ್, ಅವರ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಎರಡು ಕಂಬಗಳ ನಡುವೆ, ಪಾಪ್ಲಾರ್ ಮರದ ಎತ್ತರದಲ್ಲಿ ಉದ್ದ ಕೋಲು ಹಿಡಿದು ನಡೆದವರು. ಹತ್ತಿ ಬಿಡಿಸಿ ಮುಗಿದ ಮೇಲೆ ಊರೂರಿನ ಸಂತೆಮಾಳದಲ್ಲಿ ಕಂಬ ನೆಡುವರು. ಕಹಳೆ ಊದುವವನೊಬ್ಬ, ಕೆಳಗೆ ನಿಂತು ಜನರನ್ನು ನಗಿಸುವ ಕೋಡಂಗಿಯೊಬ್ಬ. ಹೊಸ ಸೊಸೆಗೆ ಮಾವ ಕೊಟ್ಟ ಕೆಲಸ ಒಂದೇ: ಆಚೆ ಕಂಬದ ಅಟ್ಟದ ಮೇಲೆ ಕೆಂಪು ವಸ್ತ್ರ ಹೊದ್ದು ಅಲುಗಾಡದೆ ನಿಲ್ಲುವುದು.

“ಹಗ್ಗದ ಮೇಲಿರೋನು ಹಗ್ಗ ನೋಡಬಾರದು, ಕಾಲೂ ನೋಡಬಾರದು. ಕಣ್ಣು ಎಲ್ಲಿ ನಿಲ್ತದೋ ಮೈ ಅಲ್ಲಿ ನಿಲ್ತದೆ ಅಂತಿದ್ರು ನಮ್ಮ ಮಾವ” ಎಂದು ನೆನೆಯುತ್ತಾರೆ ಬಹ್ರಿನಿಸಾ. “ಜನ ಎಲ್ಲ ನಮ್ಮ ಮನೆಯವರನ್ನ ನೋಡೋರು. ಇವರು ನನ್ನನ್ನ ನೋಡೋರು. ಸೀನು ಬಂದ್ರೂ ತಡ್ಕೊಂಡು ನಿಲ್ಲಬೇಕಿತ್ತು. ಒಂದ್ಸಲ ಮೂಗಿನ ಮೇಲೆ ಜೇನುಹುಳ ಕೂತಿತ್ತು. ಇಳಿದು ಬಂದ ಮೇಲೆ ಇವರು ನಕ್ಕಿದ್ದೇ ನಕ್ಕಿದ್ದು. ಅಷ್ಟು ದೂರದಿಂದ ಜೇನುಹುಳಾನೂ ಕಂಡಿತ್ತು ಅವರಿಗೆ.”

ಅಂಥ ಕಣ್ಣಿನ ಮಹಕಮ್ ಒಂದು ದಿನ ಬೆಳಿಗ್ಗೆ ಕನ್ನಡಿಯ ಮುಂದೆ ಮೀಸೆ ಕತ್ತರಿಸಿಕೊಂಡು ಚಹಾಕ್ಕೆ ಬಂದು ಕೂತರು. ಮೀಸೆಯ ಬಲಭಾಗ ಅಚ್ಚುಕಟ್ಟಾಗಿ ಟ್ರಿಮ್ ಆಗಿತ್ತು, ಎಡಭಾಗ ಹಾಗೇ ಪೊದೆಯಾಗಿ ನಿಂತಿತ್ತು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಬಹ್ರಿನಿಸಾ ನಕ್ಕರು. ಯಾಕೆ ನಗುತ್ತೀ ಎಂದು ಮಹಕಮ್ ಕೇಳಿದರು. ಆಮೇಲೆ ಚಹಾದ ಬಟ್ಟಲು ಕೈಯಿಂದ ಜಾರಿತು. ಆಗ ಅವರಿಗೆ ಐವತ್ತೈದು.

ಆಸ್ಪತ್ರೆಯಿಂದ ಬಂದಮೇಲೆ ಕೈಕಾಲಿಗೆ ಬಲ ಮೆಲ್ಲಗೆ ಮರಳಿತು. ಮರಳದೇ ಹೋದದ್ದು ಎಡಗಡೆಯ ಲೋಕ. ತಟ್ಟೆಯಲ್ಲಿ ಪಲಾವಿನ ಬಲಭಾಗ ತಿಂದು, ಎಡಭಾಗ ಹಾಗೇ ಇರುವಾಗಲೇ, ಇಷ್ಟೇ ಏಕೆ ಬಡಿಸಿದೆ ಎಂದು ಬೇಸರಪಡುವರು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಕಣ್ಣಿಗೇನಾದರೂ ಆಗಿದೆಯೇ ಎಂದು ಬಹ್ರಿನಿಸಾ ಕೇಳಿದಾಗ ಆಸ್ಪತ್ರೆಯ ಡಾಕ್ಟರ್ ಮುನಿರಾ ಕೂರಿಸಿಕೊಂಡು ತಿಳಿಸಿ ಹೇಳಿದರು. ಕಣ್ಣು ಚೆನ್ನಾಗಿಯೇ ಇದೆ, ಕಂಡದ್ದನ್ನು ಗಮನಕ್ಕೆ ತಂದುಕೊಳ್ಳುವ ಮೆದುಳಿನ ಭಾಗಕ್ಕೆ ಪೆಟ್ಟಾಗಿದೆ. ಎಡಗಡೆ ಏನೋ ಇದೆ ಎಂಬುದೇ ಅವರಿಗೆ ಹೊಳೆಯುವುದಿಲ್ಲ. ಇಲ್ಲದ್ದನ್ನು ಯಾರು ಹುಡುಕುತ್ತಾರೆ? ದಿನಾ ಅಭ್ಯಾಸ ಮಾಡಿಸಿ, ಎಡದಿಂದಲೇ ಮಾತಾಡಿಸಿ, ಊಟವನ್ನು ಎಡಗಡೆಯೇ ಇಡಿ ಎಂದರು. ಎಷ್ಟು ಸರಿಹೋಗಬಹುದೆಂದು ಹೇಳಲಾರೆ ಎಂದೂ ಹೇಳಿದರು.

ಮಹಕಮ್‌ಗೆ ಅದ್ಯಾವುದೂ ಬೇಕಿರಲಿಲ್ಲ. ಬೇಕಿದ್ದದ್ದು ಹಗ್ಗ. ಒಂದು ವಸಂತದಲ್ಲಿ, ಏಪ್ರಿಕಾಟ್ ಹೂಬಿಟ್ಟ ಕಾಲಕ್ಕೆ, ಮಂಡಿಯೆತ್ತರಕ್ಕೆ ಕಟ್ಟಿಕೊಡು, ಮಕ್ಕಳು ಮೊದಲು ಕಲಿಯೋದೂ ಅಲ್ಲೇ ತಾನೇ ಎಂದು ಹಠ ಹಿಡಿದರು. ಬಹ್ರಿನಿಸಾ ಕೆಳಗೆ ಮನೆಯ ಕೌದಿಗಳನ್ನೆಲ್ಲ ಹಾಸಿ ಕಟ್ಟಿಕೊಟ್ಟರು. ತಾವು ಪೆಟ್ಟಿಗೆಯಿಂದ ಕೆಂಪು ವಸ್ತ್ರ ತೆಗೆದು ಹೊದ್ದು ಆ ತುದಿಗೆ ಹೋಗಿ ನಿಂತರು. ಮಹಕಮ್ ಹಗ್ಗ ಹತ್ತಿದರು. ನೋಟ ಹೆಂಡತಿಯ ಮೇಲೆ ನಿಂತಿತು, ಬೆನ್ನು ನೆಟ್ಟಗಾಯಿತು. ಹಳೆಯ ಮಹಕಮ್ ಮರಳಿ ಬಂದರೆಂದು ಬಹ್ರಿನಿಸಾಗೆ ಅನ್ನಿಸಿತು. ಬಲಗಾಲು ಹಗ್ಗ ಹಿಡಿಯಿತು. ಎಡಗಾಲು ಮಾತ್ರ ಹಗ್ಗವನ್ನು ಬಿಟ್ಟು ಆಚೆ ಗಾಳಿಯಲ್ಲಿ ಇಳಿಯಿತು.

ಕೌದಿಯ ಮೇಲೆ ಬಿದ್ದವರಿಗೆ ಪೆಟ್ಟೇನೂ ಆಗಲಿಲ್ಲ. ಎದ್ದು ಕೂತು ಹಗ್ಗವನ್ನು ಬಹಳ ಹೊತ್ತು ನೋಡಿದರು.

“ಹಗ್ಗ ಮುಗಿದುಹೋಯ್ತು ಕಣೇ ಬಹ್ರಿ” ಎಂದರು.

ಮರುದಿನ ಬೆಳಿಗ್ಗೆ ಬಹ್ರಿನಿಸಾ ಎದ್ದು ಬಂದಾಗ ಗಂಡ ತಾವೇ ಹಗ್ಗವನ್ನು ಬಿಚ್ಚಿ ನೆಲಕ್ಕೆ ಹಾಸಿದ್ದರು. ಊರಿಗೆಲ್ಲ ಆಕಾಶದಲ್ಲಿ ನಡೆದು ತೋರಿಸಿದವರು ನೆಲದ ಮೇಲಿನ ಹಗ್ಗದ ಮುಂದೆ ಚಪ್ಪಲಿ ಕಳಚಿ ನಿಂತಿದ್ದರು. ಕಲಿಸು ಎಂದರು. ಆ ಮಾತು ಹೇಳಲು ಅವರಿಗೆಷ್ಟು ಕಷ್ಟವಾಯಿತೆಂದು ತನಗೊಬ್ಬಳಿಗೇ ಗೊತ್ತು ಎನ್ನುತ್ತಾರೆ ಬಹ್ರಿನಿಸಾ. ಪಕ್ಕದ ಮನೆಯ ಗಂಡಸರು ಗೋಡೆಯಾಚೆಯಿಂದ, ಏನು ಮಹಕಮ್ ಅಕಾ, ಕಂಬ ನೆಡೋದು ಮರೆತ್ರಾ ಎಂದು ಕಿಚಾಯಿಸುವರು. ಇನ್ನೂ ಟಿಕೆಟ್ ಮಾರಿಲ್ಲ, ಆಚೆ ಹೋಗ್ರೋ ಎಂದು ಇವರು ಉತ್ತರ ಕೊಡುವರು.

ಬಹ್ರಿನಿಸಾ ಆ ತುದಿಯಲ್ಲಿ ನಿಲ್ಲುವುದನ್ನು ಬಿಟ್ಟು ಎಡಗಡೆಗೆ ಬಂದರು. ಹಗ್ಗದ ಉದ್ದಕ್ಕೂ ಜೊತೆಗೇ ನಡೆಯುತ್ತ ಮಾತಾಡುವರು. ಗಂಡನ ಹೆಸರು ಹಿಡಿದು ಕರೆಯುವ ರೂಢಿ ಇಲ್ಲಿಲ್ಲ. ‘ದಾದಾಸಿ’, ಅಂದರೆ ಮಕ್ಕಳ ಅಪ್ಪ ಎನ್ನುತ್ತಾರೆ. ದಾದಾಸಿ, ಇಲ್ಲಿ ನೋಡಿ. ದಾದಾಸಿ, ಮೆಟ್ಟಿಲಿದೆ. ದಾದಾಸಿ, ಗೋಡೆ ಬಂತು. ಮಹಕಮ್ ಪ್ರತಿ ಸಲವೂ ದನಿ ಬಂದ ಕಡೆಗೆ ತಲೆ ತಿರುಗಿಸುವರು, ತಿರುಗಿಸಿದಾಗ ಮೆಟ್ಟಿಲು ಕಾಣುವುದು. ಮೊದಲ ವರ್ಷ ಅಂಗಳ, ಎರಡನೆಯ ವರ್ಷ ಓಣಿ. ಆಮೇಲೆ ಕಾಲುವೆಯ ಸೇತುವೆಯಾಚೆಗಿನ ಚಹಾದಂಗಡಿ. ನೋಡಿದವರು ತಮ್ಮ ಮನೆಯ ಲಕ್ವ ಹೊಡೆದವರನ್ನೂ ಕರೆತರತೊಡಗಿದರು. ಡಾಕ್ಟರ್ ಮುನಿರಾ ಕೂಡ ಆಸ್ಪತ್ರೆಯಿಂದ ಮನೆಗೆ ಹೋಗುವವರಿಗೆ ಈ ಓಣಿಯ ಗುರುತು ಹೇಳಿ ಕಳಿಸುತ್ತಿದ್ದರು. ಅಂಗಳದಲ್ಲಿ ಯಾವಾಗಲೂ ಇಬ್ಬರು ಮೂವರು ಇರುತ್ತಿದ್ದರು. ಮಹಕಮ್ ಮಂಚದ ಮೇಲೆ ಕೂತು, ಹೊಸಬರ ನಡಿಗೆಗೆ ಕೋಡಂಗಿಯ ಹಾಗೆ ಕೂಗಿ ಹೊಗಳುವರು. ಆ ಕಾಲವೇ ತನ್ನ ಬದುಕಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಕಾಲ ಎಂದು ಬಹ್ರಿನಿಸಾ ಹೇಳುತ್ತಾರೆ. ಹೇಳಿ, ಎದ್ದುಹೋಗಿ ಚಹಾದ ಪಾತ್ರೆಗೆ ನೀರು ಹಾಕುತ್ತಾರೆ.

ಒಂದು ಸಂಜೆ ಮಹಕಮ್ ಚಹಾದಂಗಡಿಯಿಂದ ಒಬ್ಬರೇ ಬಂದರು. ಯಾರೋ ತನ್ನ ಕರಬೂಜದ ಬೆಳೆ ಬಗ್ಗೆ ಹೇಳಿದ ಸುಳ್ಳನ್ನೆಲ್ಲ ಬಂದೊಡನೆ ಹೆಂಡತಿಗೆ ಹೇಳತೊಡಗಿದರು. ಹೇಳುತ್ತ ಹೇಳುತ್ತ ನಡುವೆ ಬಗ್ಗಿ ತಮ್ಮ ಕಾಲುಗಳನ್ನು ನೋಡಿಕೊಂಡರು.

“ಬಹ್ರಿ, ಸೇತುವೆಯಿಂದ ಮನೆವರೆಗೆ ನನಗೆ ಕಾಲಿನ ನೆನಪೇ ಬರಲಿಲ್ಲ ನೋಡು. ಆ ಕರಬೂಜದ್ದೇ ಯೋಚನೆ. ಬಂದೇಬಿಟ್ಟಿದ್ದೀನಿ.”

ಹಗ್ಗದವರ ಮನೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡುವವನು ಇನ್ನೂ ಕಲಿಯುತ್ತಿರುವವನು. ಯೋಚನೆ ಬೇರೆಲ್ಲೋ ಇದ್ದು ಕಾಲು ತನ್ನ ಪಾಡಿಗೆ ನಡೆದರೆ ವಿದ್ಯೆ ಮೈಗೆ ಇಳಿದಿದೆ ಎಂದರ್ಥ. ಆ ರಾತ್ರಿಗೆ ಬಹ್ರಿನಿಸಾ ಸಿಹಿ ಹಲ್ವಾ ಮಾಡಿದರು.

ಅದೇ ತಿಂಗಳು ಕಳೆಯುವುದರೊಳಗೆ ಮಹಕಮ್ ತೀರಿಹೋದರು. ಚಹಾದಂಗಡಿಗೆಂದೇ ಹೊರಟಿದ್ದರು. ಸೇತುವೆ ದಾಟಿ ದೊಡ್ಡ ರಸ್ತೆಗೆ ಕಾಲಿಟ್ಟಾಗ ಎಡದಿಂದ ಈರುಳ್ಳಿ ತುಂಬಿದ ಒಂದು ಪುಟ್ಟ ವ್ಯಾನು ಬಂತು. ಮಹಕಮ್ ನಿಲ್ಲಲೂ ಇಲ್ಲ, ಹಿಂಜರಿಯಲೂ ಇಲ್ಲ.

ವ್ಯಾನು ಓಡಿಸುತ್ತಿದ್ದವರು ಇವರದೇ ವಯಸ್ಸಿನ ಮನುಷ್ಯ, ಹೆಸರು ತುರೊಬ್. ದಫನಾದ ಮೂರನೇ ದಿನ ಅವರು ಬಂದು ಬಾಗಿಲ ಹೊರಗೆ ನಿಂತಿದ್ದರು. ಒಳಗಿದ್ದ ಗಂಡಸರು ಎದ್ದು ಹೋಗಿ ತಡೆಯಬೇಕೆಂದಿದ್ದಾಗ ಬಹ್ರಿನಿಸಾ ಕರೆದು ಕೂರಿಸಿದರು. ತುರೊಬ್ ಚಹಾ ಮುಟ್ಟಲಿಲ್ಲ.

“ಜೋರಾಗಿ ಬರ್ತಿರಲಿಲ್ಲ ಓಪಾ, ಕುರಾನಾಣೆ. ದೂರದಿಂದಲೇ ನೋಡಿದ್ದೆ ಅವರನ್ನ. ಎಷ್ಟು ನೆಟ್ಟಗೆ ನಡೀತಿದ್ರು ಅಂದ್ರೆ... ಕಾಯಿಲೆಯವರು ಅನ್ನಿಸಲೇ ಇಲ್ಲ. ನನ್ನನ್ನ ನೋಡಿದ್ದಾರೆ, ನಿಲ್ತಾರೆ ಅಂದ್ಕೊಂಡೆ.”

ಮಹಕಮರ ಅಕ್ಕ ಹೋಜರ್ ಆ ಮಾತನ್ನು ಒಳಗಿನಿಂದ ಕೇಳಿಸಿಕೊಂಡರು. ತಮ್ಮನನ್ನು ಎತ್ತಿ ಬೆಳೆಸಿದ ಅಕ್ಕ. ತುರೊಬ್ ಹೋದ ಮೇಲೆ ಅವರು ತಮ್ಮನ ಹೆಂಡತಿಯನ್ನು ದಿಟ್ಟಿಸಿ ಮೆಲ್ಲಗೇ ಅಂದರು:

“ಚಪ್ಪರದ ಕೆಳಗೆ ಕೂತಿದ್ದ. ಕೂತವನನ್ನ ಎಬ್ಬಿಸಿದೆ, ನಡೆಸಿದೆ, ಬೀದಿಗೆ ಕಳಿಸಿದೆ. ಹಾಗೇ ಬಿಟ್ಟಿದ್ರೆ ಇವತ್ತೂ ಕೂತಿರ್ತಿದ್ದ.”

ಬಹ್ರಿನಿಸಾ ಎದ್ದು ಅಂಗಳಕ್ಕೆ ಇಳಿದರು. ಹಗ್ಗವನ್ನು ಸುತ್ತಿ ಮರದ ಕೊಟ್ಟಿಗೆಯಲ್ಲಿ ಸೌದೆಯ ಹಿಂದೆ ಹಾಕಿದರು. ಅಂಗಳಕ್ಕೆ ಬಂದವರನ್ನು ಹಿಂದಕ್ಕೆ ಕಳಿಸಿದರು. ಡಾಕ್ಟರ್ ಮುನಿರಾ ತಾವೇ ಮನೆಗೆ ಬಂದು ಪಕ್ಕದಲ್ಲಿ ಕೂತುಹೋದರು. ಆ ಬೇಸಿಗೆ ದ್ರಾಕ್ಷಿ ಹಣ್ಣಾಗಿ ಕಣಜಗಳು ತಿಂದುಹೋದವು, ಕೀಳುವವರಿರಲಿಲ್ಲ. ಮಗಳು ಬಂದು ತನ್ನ ಊರಿಗೆ ಕರೆದಳು, ಹೋಗಲಿಲ್ಲ. ಬಹ್ರಿನಿಸಾ ದಿನಾ ಒಂದು ಹೊತ್ತು ಸೇತುವೆಯ ಬಳಿ ಹೋಗಿ ರಸ್ತೆಯನ್ನು ನೋಡುತ್ತ ನಿಲ್ಲುತ್ತಿದ್ದರು. ಅಲ್ಲಿ ಅವರಿಗೆ ಒಂದು ವಿಷಯ ಹೊಳೆಯಿತು. ಅದನ್ನು ಅವರು ಅತ್ತು ಹೇಳುವುದಿಲ್ಲ, ಲೆಕ್ಕ ಒಪ್ಪಿಸುವವರ ಹಾಗೆ ಹೇಳುತ್ತಾರೆ.

“ಇವರು ಎಡಕ್ಕೆ ತಿರುಗ್ತಿದ್ದದ್ದು ಎಡಗಡೆ ಅನ್ನೋದೊಂದು ಇದೆ ಅಂತಲ್ಲ. ನಾನು ಕರೀತಿದ್ದೆ ಅಂತ. ನಾಲ್ಕು ವರ್ಷ ನಾನು ಬಾಯಿ ಮುಚ್ಚಲಿಲ್ಲ. ಒಂದು ಕಲ್ಲು ತಾಗೋಕೆ ಬಿಡಲಿಲ್ಲ. ರಸ್ತೆ ಅವರನ್ನ ಕರೆಯುತ್ತಾ, ದಾದಾಸಿ ವ್ಯಾನು ಬಂತು ಅಂತ? ಕಾಲನ್ನ ಮರೆಯೋದು ಕಲಿಸಿದೆ. ನಾನಿಲ್ಲದೆ ನೋಡೋದು ಕಲಿಸಲಿಲ್ಲ.”

ಚಳಿ ಶುರುವಾದಾಗ ಕುಮ್ರಿ ಬಂದರು. ಟೋಪಿಗೆ ಕಸೂತಿ ಹಾಕುವ ಹೆಂಗಸು, ನಲವತ್ತು ದಾಟಿಲ್ಲ. ತಂಗಿ ತೋಳು ಹಿಡಿದು ಕರೆತಂದಿದ್ದಳು. ಬಹ್ರಿನಿಸಾ ಎಲ್ಲರಿಗೂ ಹೇಳಿದ ಹಾಗೆ, ಈಗ ಕಲಿಸುತ್ತಿಲ್ಲ ಎಂದರು. ಕುಮ್ರಿ ಬೇಜಾರು ಮಾಡಿಕೊಳ್ಳಲಿಲ್ಲ. ಇಷ್ಟು ದೂರ ಬಂದು ಸುಸ್ತಾಗಿದೆ, ಸ್ವಲ್ಪ ಹೊತ್ತು ಕೂತು ಹೋಗುತ್ತೇನೆ ಎಂದು ಮಂಚದ ತುದಿಗೆ ಕೂತು ಚೀಲದಿಂದ ಕಪ್ಪು ಬಟ್ಟೆ ತೆಗೆದು ಹೊಲಿಯತೊಡಗಿದರು. ಮುಗಿಸಿ ದಾರ ಕಡಿದು, ಚಹಾ ಕೊಟ್ಟದ್ದಕ್ಕೆ ನಿಮಗೆ ಎಂದು ಕೈಗಿತ್ತರು. ಬಿಳಿ ರೇಷ್ಮೆಯ ಹೂವು. ಬಲಗಡೆಯ ಎಸಳುಗಳು ಅಚ್ಚು ಒತ್ತಿದಂತಿದ್ದವು. ಎಡಗಡೆ ಒಂದೂ ಇರಲಿಲ್ಲ.

ಚೆನ್ನಾಗಿದೆಯಾ ಎಂದು ಕುಮ್ರಿ ಕೇಳಿದರು. ತಂಗಿ ಮುಖ ತಿರುಗಿಸಿ ನಿಂತಿದ್ದಳು.

ಬಹ್ರಿನಿಸಾ ಸೌದೆಯ ಹಿಂದಿನಿಂದ ಹಗ್ಗ ತೆಗೆದರು. ಇಲಿಗಳು ಒಂದೆರಡು ಕಡೆ ಕಡಿದಿದ್ದವು.

ಈ ಸಲ ಕಲಿಸುವ ಬಗೆಯೇ ಬೇರೆಯಾಯಿತು. ಮೊದಮೊದಲು ಎಡಗಡೆ ನಿಂತು ಕರೆಯುತ್ತಾರೆ, ಕರೆಯದೇ ಆಗುವುದಿಲ್ಲ. ಆಮೇಲೆ ದನಿ ತಗ್ಗಿಸುತ್ತಾರೆ. ಆಮೇಲೆ ಬರೀ ನಿಲ್ಲುತ್ತಾರೆ. ಬಕೆಟ್ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ, ಜಾಗವನ್ನಂತೂ ದಿನಾ ಬದಲಿಸುತ್ತಾರೆ. ಕಲಿಯುವವರು ಒದ್ದೆಯಾಗುತ್ತಾರೆ, ಬೈಯುತ್ತಾರೆ, ಅಳುತ್ತಾರೆ. ಕುಮ್ರಿ ಒಮ್ಮೆ ಮಂಡಿ ತರಚಿಕೊಂಡು, ನೀವು ಕಲ್ಲು ಹೃದಯದವರು ಎಂದು ಚೀರಿ ಮನೆಗೆ ಹೋಗಿದ್ದರು. ಬಹ್ರಿನಿಸಾ ಆ ದಿನ ಊಟ ಮಾಡಲಿಲ್ಲ. ಮರುದಿನ ಕುಮ್ರಿ ಬಂದಾಗಲೂ ಬಕೆಟ್ ಇತ್ತು. ಅಂಗಳ ಮುಗಿದ ಮೇಲೆ ಓಣಿ. ಕೊನೆಗೆ ಅದೇ ಸೇತುವೆ, ಅದೇ ರಸ್ತೆ. ಅಲ್ಲಿ ಬಹ್ರಿನಿಸಾ ಹಿಂದೆ ನಿಂತು, ತೋಳು ಹಿಡಿಯಲು ಕೈ ಚಾಚಿಕೊಂಡೇ, ತುಟಿ ಕಚ್ಚಿಕೊಂಡು ಕಾಯುತ್ತಾರೆ. ಕಲಿಯುವವರು ತಾವಾಗಿ ತಲೆಯನ್ನು ಎಡಕ್ಕೆ ಪೂರ್ತಿ ತಿರುಗಿಸುವವರೆಗೂ ರಸ್ತೆಗೆ ಕಾಲಿಡುವ ಹಾಗಿಲ್ಲ. ಕೆಲವರಿಗೆ ಅದು ಎಂದೂ ಬರುವುದಿಲ್ಲ. ಅಂಥವರಿಗೆ ಮನೆಯವರನ್ನು ಕರೆದು, ಇವರನ್ನು ಒಬ್ಬರೇ ಬಿಡಬೇಡಿ ಎಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾರೆ. ಕೆಲಸದಲ್ಲಿ ಅತಿ ಕಷ್ಟದ್ದು ಅದೇ ಎನ್ನುತ್ತಾರೆ.

ಹೋಜರ್ ಇನ್ನೂ ತಮ್ಮನ ಹೆಂಡತಿಯ ಜೊತೆ ಮಾತಾಡುವುದಿಲ್ಲ. ಹಬ್ಬಕ್ಕೆ ಬಹ್ರಿನಿಸಾ ಕಳಿಸಿದ ನಾನ್ ರೊಟ್ಟಿ ಮಾತ್ರ ಹಿಂದಕ್ಕೆ ಬರುವುದಿಲ್ಲ. ಆ ಮಾತು ನಿಮಗೆ ಈಗಲೂ ನೋಯುತ್ತದೆಯೇ ಎಂದು ಕೇಳಿದರೆ ಬಹ್ರಿನಿಸಾ ಹೀಗೆನ್ನುತ್ತಾರೆ:

“ಅಕ್ಕ ಹೇಳಿದ್ದು ಸುಳ್ಳೇನಲ್ಲ. ಕೂತಿದ್ದಿದ್ರೆ ಇರ್ತಿದ್ರು. ಆದ್ರೆ ಆ ಕರಬೂಜದ ಸಂಜೆ ಇತ್ತಲ್ಲ, ಆ ಮುಖ ನೋಡಿದ್ದು ನಾನು, ಅಕ್ಕ ಅಲ್ಲ. ಎರಡನ್ನೂ ತಕ್ಕಡಿಗೆ ಹಾಕಿ ತೂಗೋಕೆ ನನಗೆ ಬರಲ್ಲ.”

ಹೊತ್ತೇರಿದೆ. ಸೋಬಿತ್ ಒದ್ದೆ ಪೈಜಾಮದಲ್ಲೇ ಎರಡನೇ ಸಲ ಬಾಗಿಲು ಮುಟ್ಟಿದ್ದಾರೆ. ಬಸ್ಸಿಗಾದರೆ ಎಡಕ್ಕೊಂದು ಕನ್ನಡಿ ಇತ್ತು, ನನಗೆಲ್ಲಿದೆ ಎಂದು ಗೊಣಗುತ್ತ ಹೆಂಡತಿಯ ಜೊತೆ ಹೊರಡುತ್ತಾರೆ. ಇನ್ನೊಬ್ಬರು ಬರುವವರೆಗೆ ಸ್ವಲ್ಪ ಬಿಡುವಿದೆ. ಬಹ್ರಿನಿಸಾ ಚೀಲ ಹಿಡಿದು ಗಜ್ಜರಿ ತರಲು ಪೇಟೆಗೆ ನಡೆಯುತ್ತಾರೆ.

ಪೇಟೆಯ ರಸ್ತೆಯ ಆಚೆ ಬದಿ ದಾರದಂಗಡಿಗಳ ಸಾಲು. ಈಚೆ ಬದಿ, ಒಂದಿಷ್ಟು ಮುಂದೆ, ಕುಮ್ರಿ ನಿಂತಿದ್ದಾರೆ. ಬಹ್ರಿನಿಸಾ ಅವರನ್ನು ಕಂಡು ಒಂದು ವರ್ಷದ ಮೇಲಾಗಿದೆ. ಕಂಕುಳಲ್ಲಿ ಟೋಪಿಗಳ ಗಂಟು, ಪಕ್ಕದಲ್ಲಿ ಯಾರೋ ಗೆಳತಿ. ಇಬ್ಬರೂ ಯಾರದೋ ಮದುವೆಯ ಊಟವನ್ನು ಜರಿಯುತ್ತ ಮಾತಿನಲ್ಲಿ ಮುಳುಗಿದ್ದಾರೆ. ರಸ್ತೆಯಂಚಿಗೆ ಬಂದಾಗಲೂ ಕುಮ್ರಿಯ ಮಾತು ನಿಲ್ಲುವುದಿಲ್ಲ. ಬಹ್ರಿನಿಸಾ ತಮಗರಿವಿಲ್ಲದೆ ಕೈ ಚಾಚಿ, ಬಾಯಿ ತೆರೆಯುತ್ತಾರೆ. ದನಿ ಹೊರಡುವ ಮೊದಲೇ ಕುಮ್ರಿ ಮಾತಾಡುತ್ತಲೇ ತಲೆಯನ್ನು ಎಡಕ್ಕೆ ಪೂರ್ತಿ ತಿರುಗಿಸುತ್ತಾರೆ. ನೋಟ ಬಹ್ರಿನಿಸಾರನ್ನು ಹಾದು, ಹಿಂದಿನಿಂದ ಬರುತ್ತಿದ್ದ ಲಾರಿಯ ಮೇಲೆ ನಿಲ್ಲುತ್ತದೆ. ಲಾರಿ ಹೋಗುತ್ತದೆ. ಕುಮ್ರಿ ಗೆಳತಿಯ ಜೊತೆ ನಗುತ್ತ ರಸ್ತೆ ದಾಟಿ ದಾರದಂಗಡಿಯ ಜನರಲ್ಲಿ ಮರೆಯಾಗುತ್ತಾರೆ.

ಕರೆದು ಮಾತಾಡಿಸಬಹುದಿತ್ತಲ್ಲ ಎಂದರೆ ಬಹ್ರಿನಿಸಾ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಳ್ಳುತ್ತಾರೆ.

“ನನ್ನನ್ನ ನೋಡಲಿಲ್ಲ ಅವಳು. ರಸ್ತೆ ನೋಡಿದ್ಲು.” ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಅನ್ನುತ್ತಾರೆ, “ಬಂದೋರೆಲ್ಲ ಹಾಗೇ ನನ್ನ ಮರೀಲಿ.”